ಗುಡ್ಡ ಕಾಯಲು ಯಾವ ಉಪಗ್ರಹ? ಮಲೆನಾಡಿನವರಿಗೆ ಒಂದು ಹೋಲಿಕೆ

2024ರ ಪುಷ್ಯ ಮಳೆಯನ್ನು ನಮ್ಮ ಕಡೆಯವರು ಮರೆಯುವ ಹಾಗಿಲ್ಲ. ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ರೈಲು ಹಳಿಯ ಅಡಿಯ ಮಣ್ಣು ಜಾರಿತು. ಹಾಸನ–ಮಂಗಳೂರು ರೈಲು ನಿಂತಿತು. ಶಿರಾಡಿ ಘಾಟಿಯಲ್ಲಿ ಗುಡ್ಡ ರಸ್ತೆಗೆ ಬಂತು. ಅದೇ ವಾರ ಸಕಲೇಶಪುರ ತಾಲ್ಲೂಕಿನ ನಮ್ಮ ತೋಟದ ಮೇಲಿನ ಬರೆಯಲ್ಲೂ, ಅಂದರೆ ಕಡಿದಾದ ಇಳಿಜಾರಿನಲ್ಲೂ, ಬಿರುಕು ಕಾಣಿಸಿತು. ಬರೆಯ ಕೆಳಗೆ ತೋಟದ ಆಳುಗಳ ಲೈನ್ ಮನೆಗಳಿವೆ, ಅಲ್ಲಿ ಮಕ್ಕಳಿದ್ದಾರೆ. ಆ ಮಳೆಯಲ್ಲಿ ಮೇಲೆ ಹತ್ತಿ ನೋಡುವುದು ಸಾಧ್ಯವಿರಲಿಲ್ಲ.

ಮೇಲಿಂದ ತೆಗೆದ ಒಂದು ಚಿತ್ರ ಸಿಕ್ಕರೆ ಬಿರುಕು ಎಲ್ಲಿಯವರೆಗೆ ಹೋಗಿದೆ ಎಂದು ಗೊತ್ತಾಗುತ್ತದೆ ಅಂದುಕೊಂಡೆವು. ಪರಿಚಯದವರು ಒಬ್ಬ ಮಧ್ಯವರ್ತಿಯ ನಂಬರ್ ಕೊಟ್ಟರು. ನಾಲ್ಕು ಮನೆಯವರು ಸೇರಿ ದುಡ್ಡು ಹಾಕಿದೆವು. ಚಿತ್ರ ಬಂತು. ಸಿಲ್ವರ್ ಮರಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಕಣದ ಮೂಲೆ, ಪಲ್ಪರ್ ಮನೆಯ ಶೀಟು, ಎಲ್ಲ ಕಾಣುತ್ತಿತ್ತು. ನಮ್ಮ ಅತ್ತಿಗೆ ಸ್ವಲ್ಪ ಹೊತ್ತು ನೋಡಿ ಒಂದೇ ಮಾತು ಹೇಳಿದರು: "ಕಣದಲ್ಲಿ ಕಾಫಿ ಹರಡಿದೆಯಲ್ಲ?" ಹೌದು, ಹರಡಿತ್ತು. ಅಂದರೆ ಅದು ಕೊಯ್ಲಿನ ಕಾಲದ ಚಿತ್ರ. ಬಿರುಕು ಬಿಡುವುದಕ್ಕೆ ಆರು ತಿಂಗಳ ಮೊದಲು ತೆಗೆದದ್ದು.

ಅವತ್ತಿನಿಂದ ಯಾರು ಉಪಗ್ರಹ ಚಿತ್ರದ ಬಗ್ಗೆ ಕೇಳಿದರೂ ನಾನು ಮೊದಲು ಎರಡು ವಿಷಯ ಕೇಳುತ್ತೇನೆ. ಚಿತ್ರ ಯಾವ ದಿನದ್ದು? ಮುಂದಿನದು ಯಾವತ್ತು ಬರುತ್ತದೆ? ಎಷ್ಟು ಸ್ಪಷ್ಟ ಎನ್ನುವುದು ಆಮೇಲಿನ ಮಾತು. ಈ ಹೋಲಿಕೆಯನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ. ತೋಟದವರಿಗೆ, ಗ್ರಾಮ ಪಂಚಾಯಿತಿಯವರಿಗೆ, ಕಾಡಿನ ಬೆಂಕಿ ನೋಡಿಕೊಳ್ಳುವ ಹುಡುಗರಿಗೆ, ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡುವ ಮಕ್ಕಳಿಗೆ ಉಪಯೋಗ ಆಗಲಿ ಎಂಬ ಆಸೆ.

ಒಂದೇ ರಾಕೆಟ್‌ನಲ್ಲಿ ಹೋದ ಎರಡು ಬಗೆ

ದೊಡ್ಡ ಉಪಗ್ರಹಕ್ಕೂ ಚಿಕ್ಕವುಗಳ ಗುಂಪಿಗೂ ಏನು ವ್ಯತ್ಯಾಸ ಎಂದು ತಿಳಿಯಲು 2017ರ ಫೆಬ್ರುವರಿ 15 ನೆನಪಿಸಿಕೊಂಡರೆ ಸಾಕು. ಆ ದಿನ ಇಸ್ರೋದ ಪಿಎಸ್‌ಎಲ್‌ವಿ-ಸಿ37 ಒಂದೇ ಸಲ 104 ಉಪಗ್ರಹಗಳನ್ನು ಹೊತ್ತು ಹೋಯಿತು. ಮುಖ್ಯವಾದದ್ದು ಕಾರ್ಟೊಸ್ಯಾಟ್-2 ಸರಣಿಯ 714 ಕಿಲೋ ತೂಕದ ಉಪಗ್ರಹ. ಅದರ ಜೊತೆಗೆ ಅಮೆರಿಕದ ಪ್ಲಾನೆಟ್ ಕಂಪನಿಯ 88 'ಡವ್'ಗಳಿದ್ದವು. ಒಂದೊಂದೂ ಐದು ಕಿಲೋಗಿಂತ ಕಡಿಮೆ, ಉದ್ದ ಒಂದು ಅಡಿಯಷ್ಟು.

ಕಾರ್ಟೊಸ್ಯಾಟ್ ಒಂದು ಮೀಟರಿಗಿಂತ ಸಣ್ಣದನ್ನೂ ತೋರಿಸುತ್ತದೆ. ಆದರೆ ಒಂದು ಸಲಕ್ಕೆ ಅದು ನೋಡುವ ಪಟ್ಟಿಯ ಅಗಲ ಸುಮಾರು 10 ಕಿಲೋಮೀಟರ್ ಮಾತ್ರ. ಎಲ್ಲಿ ನೋಡಬೇಕು ಎಂದು ಮೊದಲೇ ಹೇಳಿ ತಿರುಗಿಸಬೇಕು. ಡವ್‌ಗೆ ಕಾಣುವುದು ಮೂರು ಮೀಟರ್‌ವರೆಗೆ. ಅದನ್ನು ಯಾರೂ ತಿರುಗಿಸಬೇಕಿಲ್ಲ. ಅದು ನೇರ ಕೆಳಗೆ ನೋಡುತ್ತಾ, ತನ್ನ ದಾರಿಯಲ್ಲಿ ಸಿಕ್ಕ ನೆಲದ ಚಿತ್ರವನ್ನೆಲ್ಲ ತೆಗೆಯುತ್ತಾ ಹೋಗುತ್ತದೆ. ಒಂದರ ಹಿಂದೆ ಒಂದು ಸಾಲಾಗಿ ಬರುತ್ತವೆ. ಕೆಳಗೆ ಭೂಮಿ ತಿರುಗುವುದರಿಂದ ಪ್ರತಿಯೊಂದಕ್ಕೂ ಪಕ್ಕದ ಪಟ್ಟಿ ಸಿಗುತ್ತದೆ. ದಿನ ಮುಗಿಯುವಾಗ ಹೆಚ್ಚುಕಡಿಮೆ ಇಡೀ ನೆಲದ ಚಿತ್ರ ಸಿಕ್ಕಿರುತ್ತದೆ.

ಚಿಕ್ಕದಕ್ಕೆ ಯಾಕೆ ಅಷ್ಟು ಸ್ಪಷ್ಟ ಕಾಣುವುದಿಲ್ಲ? ಅದು ಬೆಳಕಿನ ನಿಯಮ. ಮಸೂರ ಎಷ್ಟು ಅಗಲವೋ ಅಷ್ಟು ಸಣ್ಣ ವಿವರ ಸಿಗುತ್ತದೆ. ಡವ್‌ನ ಮಸೂರ ಅಂಗೈ ಅಗಲದ್ದು. ಸುಮಾರು 500 ಕಿಲೋಮೀಟರ್ ಎತ್ತರದಿಂದ ಅದಕ್ಕೆ ಮೂರು ಮೀಟರಿನ ಸುತ್ತಮುತ್ತ ಕಂಡರೆ ಅದೇ ಹೆಚ್ಚು. 2019ರ ನವೆಂಬರ್‌ನಲ್ಲಿ ಹಾರಿದ ಕಾರ್ಟೊಸ್ಯಾಟ್-3ಕ್ಕೆ 25 ಸೆಂಟಿಮೀಟರ್ ಕಾಣುತ್ತದೆ. ಅದಕ್ಕೆ ದೊಡ್ಡ ಕನ್ನಡಿ ಬೇಕಾಯಿತು, ತೂಕ 1,625 ಕಿಲೋ ಆಯಿತು. ಯಾವ ಜಾಹೀರಾತು ಏನೇ ಹೇಳಲಿ, ಈ ಲೆಕ್ಕವನ್ನು ಯಾರೂ ದಾಟಲು ಆಗುವುದಿಲ್ಲ.

ಇದರಿಂದ ನಮಗೆ ತಿಳಿಯುವುದು ಇಷ್ಟು. ನೀವು ನೋಡಬೇಕಾದದ್ದು ದಿನದಿನಕ್ಕೆ ಬದಲಾಗುತ್ತಿದ್ದರೆ ಚಿಕ್ಕವುಗಳ ಗುಂಪು ಬೇಕು. ಬದಲಾವಣೆ ಎಲ್ಲಿ ಎಂದು ಮೊದಲೇ ಗೊತ್ತಿದ್ದು ಹತ್ತಿರದಿಂದ ನೋಡಬೇಕಿದ್ದರೆ ದೊಡ್ಡದು ಬೇಕು. ನಮ್ಮ ಬರೆಗೆ ಎರಡನೆಯದು ಸರಿ ಎಂದುಕೊಂಡು ನಾವು ದುಡ್ಡು ಕೊಟ್ಟೆವು. ಅದು ಯಾವಾಗ ನೋಡಿದ್ದು ಎಂದು ಮಾತ್ರ ಕೇಳಲಿಲ್ಲ.

ಗುಂಟೆ ಲೆಕ್ಕದಲ್ಲಿ ಸ್ಪಷ್ಟತೆ

ಮೀಟರ್ ಲೆಕ್ಕ ಹೇಳಿದರೆ ನಮ್ಮ ಹಿರಿಯರಿಗೆ ಅಷ್ಟಾಗಿ ಹತ್ತುವುದಿಲ್ಲ. ಗುಂಟೆ ಲೆಕ್ಕ ಹೇಳಿದರೆ ತಕ್ಷಣ ಗೊತ್ತಾಗುತ್ತದೆ. ಒಂದು ಗುಂಟೆ ಅಂದರೆ ಸುಮಾರು 101 ಚದರ ಮೀಟರ್. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ, ಅಂದರೆ ಚಿತ್ರದ ಅತಿ ಸಣ್ಣ ತುಣುಕು, 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ಹೆಚ್ಚುಕಡಿಮೆ ಸರಿಯಾಗಿ ಒಂದು ಗುಂಟೆ! ಎಕರೆಗೆ ನಲವತ್ತು ಚುಕ್ಕೆ. ಹತ್ತು ಎಕರೆ ತೋಟ ಇದ್ದವರಿಗೆ ನಾನೂರು ಚುಕ್ಕೆ. ಒಂದು ಮೂಲೆಯಲ್ಲಿ ಹಸಿರು ಕಡಿಮೆಯಾದರೆ ಅಷ್ಟರಲ್ಲಿ ಚೆನ್ನಾಗಿಯೇ ತಿಳಿಯುತ್ತದೆ.

ಅಮೆರಿಕದ ಲ್ಯಾಂಡ್‌ಸ್ಯಾಟ್ 8 ಮತ್ತು 9ರ ಚುಕ್ಕೆ 30 ಮೀಟರಿನದು, ಅಂದರೆ ಒಂಬತ್ತು ಗುಂಟೆ. ನಮ್ಮ ರಿಸೋರ್ಸ್‌ಸ್ಯಾಟ್‌ನ ಲಿಸ್-4 ಕ್ಯಾಮೆರಾದ್ದು 5.8 ಮೀಟರ್, ಗುಂಟೆಯ ಮೂರನೇ ಒಂದು ಭಾಗ. ಡವ್‌ನ ಚುಕ್ಕೆ ಹತ್ತಡಿ ಕೋಣೆಯಷ್ಟು. ಕಾಡಿನ ಬೆಂಕಿ ಹುಡುಕುವ ವೀರ್ಸ್ ಉಪಕರಣದ ಚುಕ್ಕೆ 375 ಮೀಟರಿನದು. ಅದು ಮೂವತ್ತೈದು ಎಕರೆ! ಇದನ್ನು ನೆನಪಿಟ್ಟುಕೊಳ್ಳಿ, ಬೆಂಕಿಯ ವಿಷಯ ಬಂದಾಗ ಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಗಡಿ ತಕರಾರಿಗೆ ಉಪಗ್ರಹ ಚಿತ್ರವನ್ನು ನಂಬಿ ಜಗಳಕ್ಕೆ ಹೋಗಬೇಡಿ. ಗುಂಟೆ ಅಳತೆಯ ಚುಕ್ಕೆಯಲ್ಲಿ ಬೇಲಿ ಎಲ್ಲಿದೆ ಎಂದು ಹೇಳಲು ಆಗುವುದಿಲ್ಲ. ಅದು ಸರ್ವೆಯವರ ಕೆಲಸ.

ಪುಕ್ಕಟೆ ಸಿಗುವುದನ್ನು ಮೊದಲು ಬಳಸಿ

ನಾನು ಎಲ್ಲರಿಗೂ ಮೊದಲು ಹೇಳುವುದು ಸೆಂಟಿನೆಲ್-2. ಐದು ದಿನಕ್ಕೊಮ್ಮೆ ಬರುತ್ತದೆ. ಒಂದು ಸಲಕ್ಕೆ 290 ಕಿಲೋಮೀಟರ್ ಅಗಲ ನೋಡುತ್ತದೆ. ಹಾಸನ, ಚಿಕ್ಕಮಗಳೂರು ಎರಡೂ ಸೇರಿದರೂ ಅಷ್ಟು ಅಗಲವಿಲ್ಲ. ಕೋಪರ್ನಿಕಸ್ ಬ್ರೌಸರ್ ಎಂಬ ತಾಣದಲ್ಲಿ ಹಣ ಕೊಡದೆ ನೋಡಬಹುದು. 2015ರಿಂದ ಈಚಿನ ಚಿತ್ರಗಳೆಲ್ಲ ಅಲ್ಲಿವೆ. ಗೊರೂರಿನ ಹೇಮಾವತಿ ಹಿನ್ನೀರು ಎಷ್ಟು ಇಳಿದಿದೆ, ಶೆಟ್ಟಿಹಳ್ಳಿ ಚರ್ಚಿನ ಸುತ್ತ ನೀರು ಯಾವಾಗ ಬಂತು ಯಾವಾಗ ಹೋಯಿತು ಎಂದು ಮನೆಯಲ್ಲೇ ಕುಳಿತು ನೋಡಬಹುದು. ಕೆರೆ, ಕಲ್ಲು ಕ್ವಾರಿ, ಹೊಸದಾಗಿ ಮರ ಕಡಿದ ಜಾಗ, ಬೆಂಕಿ ಬಿದ್ದ ಹುಲ್ಲುಗಾವಲು, ಇವೆಲ್ಲ ತಿಂಗಳ ಲೆಕ್ಕದಲ್ಲಿ ಬದಲಾಗುವವು. ಅವಕ್ಕೆ ಐದು ದಿನಕ್ಕೊಂದು ಚಿತ್ರ ಧಾರಾಳ ಸಾಕು.

ನಮ್ಮ ದೇಶದ್ದೂ ಈಗ ಸುಲಭವಾಗಿ ಸಿಗುತ್ತದೆ. 2023ರ ಭಾರತೀಯ ಬಾಹ್ಯಾಕಾಶ ನೀತಿಯ ಪ್ರಕಾರ, ಇಸ್ರೋ ಉಪಗ್ರಹಗಳ ಐದು ಮೀಟರ್ ಮತ್ತು ಅದಕ್ಕಿಂತ ದಪ್ಪ ಚುಕ್ಕೆಯ ಚಿತ್ರಗಳು ಎಲ್ಲರಿಗೂ ಮುಕ್ತ. ಭೂನಿಧಿ ತಾಣದಲ್ಲಿ ಹೆಸರು ನೋಂದಾಯಿಸಿ ಇಳಿಸಿಕೊಳ್ಳಬಹುದು. ಲಿಸ್-4 ಸೆಂಟಿನೆಲ್‌ಗಿಂತ ಸ್ಪಷ್ಟ. ಆದರೆ ಅದರ ಪಟ್ಟಿ 70 ಕಿಲೋಮೀಟರ್ ಅಗಲದ್ದು, ಹಾಗಾಗಿ ನಮ್ಮ ಜಾಗಕ್ಕೆ ಅಷ್ಟು ಬೇಗ ಬೇಗ ಬರುವುದಿಲ್ಲ. ಎರಡನ್ನೂ ಜೊತೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಹೂಮಳೆ ಮತ್ತು ದಿನಕ್ಕೊಂದು ಚಿತ್ರ

ದಿನವೂ ಚಿತ್ರ ಕೊಡುವ ಗುಂಪಿಗೆ ದುಡ್ಡು ಕೊಡುವುದು ಯಾವಾಗ ಸರಿ? ಹೂವಿನ ಉದಾಹರಣೆ ಕೊಡುತ್ತೇನೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ. ಗಿಡದ ಮೇಲೆ ಬಿಳಿ ನಿಲ್ಲುವುದು ಎರಡು ಮೂರು ದಿನ. ಐದು ದಿನಕ್ಕೊಮ್ಮೆ ಬರುವ ಉಪಗ್ರಹ ಆ ಎರಡು ದಿನ ತಪ್ಪಿಸಿಕೊಂಡರೆ ಹೂ ಬಿಟ್ಟದ್ದೇ ಅದಕ್ಕೆ ಗೊತ್ತಾಗುವುದಿಲ್ಲ. ದಿನವೂ ಬರುವ ಡವ್ ಗುಂಪಿಗೆ ಅದು ಸಿಗುವ ಸಾಧ್ಯತೆ ಜಾಸ್ತಿ. ನೆರಳು ಕಡಿಮೆ ಇರುವ ರೊಬಸ್ಟಾ ತೋಟದಲ್ಲಿ ಯಾವ ಬ್ಲಾಕ್ ಚೆನ್ನಾಗಿ ಹೂ ಬಿಟ್ಟಿತು ಎಂದು ಅಂದಾಜು ಮಾಡಬಹುದು.

ಆದರೆ ಅರೇಬಿಕಾದವರು ನಿರೀಕ್ಷೆ ಇಟ್ಟುಕೊಳ್ಳಬೇಡಿ. ನಮ್ಮ ಗಿಡಗಳ ಮೇಲೆ ಸಿಲ್ವರ್, ಅತ್ತಿ, ಹಲಸು, ಮೆಣಸಿನ ಬಳ್ಳಿ ಹಬ್ಬಿದ ಮರಗಳಿವೆ. ಉಪಗ್ರಹಕ್ಕೆ ಕಾಣುವುದು ಆ ಮರಗಳ ತಲೆ. ಕಾಂಡ ಕೊರಕ ಬಿದ್ದಿದೆಯಾ ಎಂದು ಆಕಾಶದಿಂದ ಹೇಳುತ್ತೇನೆ ಎಂದು ಯಾರಾದರೂ ಬಂದರೆ, ನೆರಳಿನ ಕೆಳಗೆ ಹೇಗೆ ನೋಡುತ್ತೀರಿ ಎಂದು ಕೇಳಿ. ಬೆಂಗಳೂರಿನ ಪಿಕ್ಸೆಲ್ ಕಂಪನಿ 2025ರ ಜನವರಿಯಲ್ಲಿ ಮೂರು, ಆಗಸ್ಟ್‌ನಲ್ಲಿ ಮೂರು 'ಫೈರ್‌ಫ್ಲೈ' ಉಪಗ್ರಹಗಳನ್ನು ಹಾರಿಸಿತು. ಐದು ಮೀಟರಿನ ಚುಕ್ಕೆಯಲ್ಲಿ ನೂರಕ್ಕೂ ಹೆಚ್ಚು ಬಣ್ಣದ ಪಟ್ಟಿಗಳನ್ನು ಬೇರೆ ಬೇರೆಯಾಗಿ ಅವು ನೋಡುತ್ತವೆ. ಕಣ್ಣಿಗೆ ಕಾಣುವ ಮೊದಲೇ ಎಲೆಯ ಸೊರಗು ಹಿಡಿಯುವ ಶಕ್ತಿ ಆ ಬಗೆಯ ಕ್ಯಾಮೆರಾಕ್ಕೆ ಇದೆ. ಬಯಲಿನ ಜೋಳ, ಆಲೂಗಡ್ಡೆಗೆ ನಾನು ಅದನ್ನು ಮನಸ್ಸಿನಿಂದ ಶಿಫಾರಸು ಮಾಡುತ್ತೇನೆ. ಹಾಸನದ ಬಯಲು ಸೀಮೆ ರೈತರಿಗೆ ಅದರಿಂದ ನಿಜವಾದ ಲಾಭ ಇದೆ. ದಟ್ಟ ನೆರಳಿನ ತೋಟಕ್ಕೆ ಮಾತ್ರ ಸದ್ಯಕ್ಕೆ ಬೇಡ.

ಚಿಕ್ಕ ಉಪಗ್ರಹಗಳ ಇನ್ನೊಂದು ತೊಡಕು ಹೇಳಿಬಿಡುತ್ತೇನೆ. ಇವತ್ತು ಒಂದು ಡವ್, ನಾಳೆ ಇನ್ನೊಂದು. ಎರಡರ ಕ್ಯಾಮೆರಾ ಪೂರ್ತಿ ಒಂದೇ ಥರ ಇರುವುದಿಲ್ಲ. ನಿನ್ನೆಗಿಂತ ಇವತ್ತು ತೋಟ ಸ್ವಲ್ಪ ಹಳದಿ ಕಂಡರೆ ಅದು ತೋಟದ ದೋಷ ಆಗಿರಬೇಕಿಲ್ಲ, ಕ್ಯಾಮೆರಾದ್ದೂ ಇರಬಹುದು. ಅದಕ್ಕೇ ಸೆಂಟಿನೆಲ್‌ನಂಥ ದೊಡ್ಡ, ಸರಿಯಾಗಿ ಹದಗೊಳಿಸಿದ ಉಪಗ್ರಹದ ಚಿತ್ರದ ಜೊತೆ ಇಟ್ಟು ನೋಡಬೇಕು. ಒಂದೇ ಸಲದ ಬದಲಾವಣೆ ನೋಡಿ ಗಾಬರಿಯಾಗಬೇಡಿ. ಮೂರು ನಾಲ್ಕು ಚಿತ್ರಗಳಲ್ಲಿ ಅದೇ ಕಂಡರೆ ಗಿಡದ ಹತ್ತಿರ ಹೋಗಿ ನೋಡಿ.

ಮುಳ್ಳಯ್ಯನಗಿರಿಗೆ ಬೆಂಕಿ ಬಿದ್ದಾಗ

ಫೆಬ್ರುವರಿ, ಮಾರ್ಚ್ ಬಂದರೆ ಚಿಕ್ಕಮಗಳೂರಿನವರ ಕಣ್ಣು ಗಿರಿಯ ಕಡೆಗೇ ಇರುತ್ತದೆ. ಹುಲ್ಲು ಒಣಗಿರುತ್ತದೆ, ಗಾಳಿ ಇರುತ್ತದೆ. ಒಂದು ಕಿಡಿ ಸಾಕು, ಹುಲ್ಲುಗಾವಲು ಹತ್ತಿ ಶೋಲಾ ಕಾಡಿನ ಅಂಚಿಗೆ ಬರುತ್ತದೆ. ಇಲ್ಲಿ ದಿನದ ಲೆಕ್ಕವೂ ತಡವೇ. ಗಂಟೆಯ ಲೆಕ್ಕ ಬೇಕು.

ಈಗ ಎಲ್ಲರಿಗೂ ಸಿಗುವುದು ವೀರ್ಸ್ ಉಪಕರಣದ ಬೆಂಕಿ ಚುಕ್ಕೆಗಳು. ಈ ಉಪಕರಣ ಇರುವ ಅಮೆರಿಕದ ಉಪಗ್ರಹಗಳು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆ ಆಸುಪಾಸಿನಲ್ಲಿ ನಮ್ಮ ಮೇಲೆ ಹಾದು ಹೋಗುತ್ತವೆ. ಸುಮಾರು ಮೂರು ಗಂಟೆಯೊಳಗೆ ನಾಸಾದ ಫರ್ಮ್ಸ್ ನಕ್ಷೆಯಲ್ಲಿ ಚುಕ್ಕೆ ಬೀಳುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಇದನ್ನೇ ಬಳಸಿ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಸಾರ್ವಜನಿಕರೂ ನಂಬರ್ ನೋಂದಾಯಿಸಬಹುದು. ಗಿರಿ ಶ್ರೇಣಿಯ ಹತ್ತಿರ ತೋಟ ಇರುವವರು ದಯವಿಟ್ಟು ನೋಂದಾಯಿಸಿ.

ಮೂವತ್ತೈದು ಎಕರೆ ಲೆಕ್ಕ ನೆನಪಿದೆ ಅಲ್ವಾ? ನಕ್ಷೆಯಲ್ಲಿ ಚುಕ್ಕೆ ಬಿದ್ದ ಜಾಗದಲ್ಲೇ ಬೆಂಕಿ ಇದೆ ಎಂದಲ್ಲ. ಅಷ್ಟು ದೊಡ್ಡ ಜಾಗದ ಯಾವ ಮೂಲೆಯಲ್ಲಾದರೂ ಇರಬಹುದು. ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ವೇಗವಾಗಿ ಹತ್ತುತ್ತದೆ. ಮೂರು ಗಂಟೆಯಲ್ಲಿ ಅದು ಗುಡ್ಡದ ನೆತ್ತಿ ದಾಟಿರುತ್ತದೆ. ಹಾಗಾಗಿ ಜನ ನೋಡುತ್ತಿರುವ ಕಡೆ ಈ ಚುಕ್ಕೆ ತಡವಾಗಿ ಬರುತ್ತದೆ. ರಸ್ತೆಯಿಲ್ಲದ ಕಡೆ, ರಾತ್ರಿ ಹೊತ್ತು, ಭದ್ರಾ ಅಭಯಾರಣ್ಯದ ಒಳಗೆ, ಅಲ್ಲಿ ಇದರ ಬೆಲೆ ತುಂಬಾ ದೊಡ್ಡದು.

ಈ ಕೊರತೆ ತುಂಬಲು ಚಿಕ್ಕ ಉಪಗ್ರಹಗಳ ಗುಂಪೇ ದಾರಿ ಎಂದು ನನಗೆ ಅನಿಸುತ್ತದೆ. 'ಫೈರ್‌ಸ್ಯಾಟ್' ಎಂಬ ಯೋಜನೆಯ ಮೊದಲ ಉಪಗ್ರಹ 2025ರ ಮಾರ್ಚ್‌ನಲ್ಲಿ ಹಾರಿತು. ಐವತ್ತಕ್ಕೂ ಹೆಚ್ಚು ಉಪಗ್ರಹಗಳು ಸೇರಿದ ಮೇಲೆ ಐದು ಮೀಟರ್ ಉದ್ದಗಲದ ಬೆಂಕಿಯನ್ನೂ ಇಪ್ಪತ್ತು ನಿಮಿಷಕ್ಕೊಮ್ಮೆ ನೋಡುವುದು ಅವರ ಗುರಿ. ಐದು ಮೀಟರ್ ಅಂದರೆ ಇಬ್ಬರು ಗಾರ್ಡುಗಳು ಸೊಪ್ಪಿನಲ್ಲಿ ಬಡಿದು ಆರಿಸಬಹುದಾದ ಬೆಂಕಿ. ಅದು ಬರುವ ದಿನಕ್ಕಾಗಿ ನಾನು ನಿಜವಾಗಿ ಕಾಯುತ್ತಿದ್ದೇನೆ. ಬರುವವರೆಗೆ ಬೆಂಕಿ ರೇಖೆ ತೆಗೆಯುವುದು, ಕಾವಲುಗಾರರಿಗೆ ಸರಿಯಾಗಿ ಸಂಬಳ ಕೊಡುವುದು, ಇವೇ ಮೊದಲ ಉಪಾಯ.

ಮೋಡದ ನಾಲ್ಕು ತಿಂಗಳು

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಇಲ್ಲಿಯವರೆಗೆ ಹೇಳಿದ ಕ್ಯಾಮೆರಾಗಳೆಲ್ಲ ಮುಂಗಾರು ಬಂದ ಮೇಲೆ ಕುರುಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲೆ ಮೋಡ ಮುಚ್ಚಿರುತ್ತದೆ. ದಿನಕ್ಕೊಂದು ಚಿತ್ರ ಬಂದರೂ ಅದು ದಿನಕ್ಕೊಂದು ಬಿಳಿ ಹಾಳೆ. ಗುಡ್ಡ ಜರಿಯುವುದು ಸರಿಯಾಗಿ ಆ ದಿನಗಳಲ್ಲೇ.

ಅದಕ್ಕೆ ರಾಡಾರ್ ಉಪಗ್ರಹ ಬೇಕು. ಅದು ತಾನೇ ಅಲೆಗಳನ್ನು ಕಳಿಸಿ ವಾಪಸ್ ಬಂದದ್ದನ್ನು ಅಳೆಯುತ್ತದೆ. ಮೋಡ, ಮಳೆ, ಕತ್ತಲು, ಯಾವುದೂ ಅದಕ್ಕೆ ಅಡ್ಡಿಯಲ್ಲ. 2024ರ ಜುಲೈ 30ರಂದು ವಯನಾಡಿನ ಚೂರಲ್‌ಮಲೆಯಲ್ಲಿ ಗುಡ್ಡ ಕುಸಿಯಿತು. ಮಾರನೇ ದಿನವೇ ನಮ್ಮ ರಿಸ್ಯಾಟ್ ರಾಡಾರ್ ಮೋಡದ ಮೂಲಕ ಅದನ್ನು ನೋಡಿತು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದವರು 2023ರ ಮೇ ತಿಂಗಳ ಕಾರ್ಟೊಸ್ಯಾಟ್-3 ಚಿತ್ರದ ಪಕ್ಕದಲ್ಲಿ ಅದನ್ನಿಟ್ಟು ತೋರಿಸಿದರು. ಸುಮಾರು 86,000 ಚದರ ಮೀಟರ್ ಜಾಗ ಜಾರಿತ್ತು. ನಮ್ಮ ಲೆಕ್ಕದಲ್ಲಿ ಇಪ್ಪತ್ತೊಂದು ಎಕರೆ. ಆ ಎರಡು ಚಿತ್ರ ನೋಡಿದ ದಿನ ನಾನು ಊಟ ಮಾಡಲಿಲ್ಲ. ನಮ್ಮ ಲೈನ್ ಮನೆಗಳೇ ಕಣ್ಣ ಮುಂದೆ ಬರುತ್ತಿದ್ದವು.

ರಾಡಾರ್‌ನಲ್ಲೂ ಆಯ್ಕೆ ಇದೆ. ಸೆಂಟಿನೆಲ್-1 ಪುಕ್ಕಟೆ ಸಿಗುತ್ತದೆ. ಒಂದೇ ಉಪಗ್ರಹ ಅದೇ ದಾರಿಗೆ ವಾಪಸ್ ಬರಲು 12 ದಿನ. ಎರಡು ಇದ್ದಾಗ ಕೆಲವು ಕಡೆಗಳಿಗೆ ಆರು ದಿನ. ಅವುಗಳಲ್ಲಿ ಒಂದು 2021ರ ಡಿಸೆಂಬರ್‌ನಲ್ಲಿ ಕೆಟ್ಟು ನಿಂತಿತು. ಅದರ ಜಾಗಕ್ಕೆ ಇನ್ನೊಂದು ಹಾರಿದ್ದು 2024ರ ಡಿಸೆಂಬರ್‌ನಲ್ಲಿ. ಮೂರು ವರ್ಷ ಅರ್ಧ ಕಣ್ಣಲ್ಲಿ ನೋಡಿದ ಹಾಗಾಯಿತು. ದೊಡ್ಡ ಉಪಗ್ರಹ ಒಂದೆರಡನ್ನೇ ನಂಬಿದರೆ ಆಗುವ ಅಪಾಯ ಇದು. ಚಿಕ್ಕವುಗಳ ಗುಂಪಿನಲ್ಲಿ ಒಂದು ಕೆಟ್ಟರೆ ಸ್ವಲ್ಪ ತಡವಾಗುತ್ತದೆ ಅಷ್ಟೇ, ಕೆಲಸ ನಿಲ್ಲುವುದಿಲ್ಲ.

ಫಿನ್‌ಲೆಂಡಿನ ಐಸ್‌ಐ ಕಂಪನಿ ಚಿಕ್ಕ ರಾಡಾರ್ ಉಪಗ್ರಹ ಸಾಧ್ಯ ಎಂದು ತೋರಿಸಿತು. ಅದರ ಮೊದಲನೆಯದು 2018ರ ಜನವರಿ 12ರಂದು ನಮ್ಮ ಶ್ರೀಹರಿಕೋಟಾದಿಂದಲೇ ಪಿಎಸ್‌ಎಲ್‌ವಿಯಲ್ಲಿ ಹೋಯಿತು. ತೂಕ ನೂರು ಕಿಲೋಗಿಂತ ಕಡಿಮೆ. 2022ರಲ್ಲಿ ಹೋದ ಇಸ್ರೋದ ಇಒಎಸ್-04 ರಾಡಾರ್ 1,710 ಕಿಲೋ. ಚಿಕ್ಕ ರಾಡಾರ್‌ಗಳ ಗುಂಪು ಇದ್ದರೆ ಒಂದೇ ಜಾಗವನ್ನು ದಿನದಲ್ಲಿ ಹಲವು ಸಲ ನೋಡಬಹುದು. ಆದರೆ ಒಂದು ವಿಷಯವನ್ನು ಮಾರುವವರು ಜೋರಾಗಿ ಹೇಳುವುದಿಲ್ಲ. ರಾಡಾರ್‌ಗೆ ವಿದ್ಯುತ್ ತುಂಬಾ ಬೇಕು. ಚಿಕ್ಕದರಲ್ಲಿ ಅಷ್ಟು ಬ್ಯಾಟರಿ ಇರುವುದಿಲ್ಲ. ಒಂದು ಸುತ್ತಿಗೆ ಕೆಲವೇ ನಿಮಿಷ ಕೆಲಸ ಮಾಡುತ್ತದೆ. ಅಂದರೆ ಯಾರಾದರೂ ಕೇಳಿದ ಜಾಗವನ್ನೇ ನೋಡುತ್ತದೆ. ನಿಮ್ಮ ಗುಡ್ಡವನ್ನು ಯಾರೂ ಕೇಳಿರದಿದ್ದರೆ ಹಳೆಯ ಚಿತ್ರವೇ ಇರುವುದಿಲ್ಲ.

ಘಟ್ಟದಲ್ಲಿ ಇನ್ನೊಂದು ತೊಂದರೆ. ರಾಡಾರ್ ಓರೆಯಾಗಿ ನೋಡುತ್ತದೆ. ಅದರ ಕಡೆಗೆ ಮುಖ ಮಾಡಿದ ಇಳಿಜಾರು ಚಿತ್ರದಲ್ಲಿ ಮುದುಡಿ ಹೋಗುತ್ತದೆ. ಬೆನ್ನು ಮಾಡಿದ್ದು ನೆರಳಿನಲ್ಲಿ ಮುಳುಗುತ್ತದೆ. ಹಾಗಾಗಿ ಉಪಗ್ರಹ ಉತ್ತರಕ್ಕೆ ಹೋಗುವಾಗಿನ ಚಿತ್ರ, ದಕ್ಷಿಣಕ್ಕೆ ಬರುವಾಗಿನ ಚಿತ್ರ, ಎರಡನ್ನೂ ಕೇಳಿ. ಒಂದರಲ್ಲಿ ಕಾಣದ ಬರೆ ಇನ್ನೊಂದರಲ್ಲಿ ಕಾಣಬಹುದು.

ಇನ್ನು ನೈಸಾರ್. ಇಸ್ರೋ ಮತ್ತು ನಾಸಾ ಸೇರಿ ಮಾಡಿದ್ದು, 2025ರ ಜುಲೈ 30ರಂದು ಹಾರಿತು. ಚಿಕ್ಕದೇನಲ್ಲ, 2,392 ಕಿಲೋ ತೂಕ, 12 ಮೀಟರ್ ಅಗಲದ ಬಲೆಯಂಥ ಆಂಟೆನಾ. 12 ದಿನಕ್ಕೊಮ್ಮೆ ಬರುತ್ತದೆ. ಆದರೂ ನಮ್ಮ ಮಲೆನಾಡಿಗೆ ನಾನು ಇದನ್ನೇ ಮೊದಲು ಇಡುತ್ತೇನೆ. ಕಾರಣ ಅಲೆಯ ಉದ್ದ. ಚಿಕ್ಕ ರಾಡಾರ್‌ಗಳದ್ದು ಸಾಮಾನ್ಯವಾಗಿ ಮೂರು ಸೆಂಟಿಮೀಟರ್ ಅಲೆ, ಅದು ಮರದ ಎಲೆಗೆ ಬಡಿದು ವಾಪಸ್ ಬರುತ್ತದೆ. ನೈಸಾರ್‌ನ ಉದ್ದ ಅಲೆ ಸುಮಾರು 24 ಸೆಂಟಿಮೀಟರ್. ಎಲೆ, ಸಣ್ಣ ಕೊಂಬೆ ದಾಟಿ ನೆಲದವರೆಗೆ ಇಳಿಯಬಲ್ಲದು. ಎರಡು ಸಲದ ಅಳತೆ ಹೋಲಿಸಿದರೆ ನೆಲ ಕೆಲವು ಸೆಂಟಿಮೀಟರ್ ಜರುಗಿದ್ದೂ ತಿಳಿಯುತ್ತದೆ. ವರ್ಷಗಟ್ಟಲೆ ನಿಧಾನವಾಗಿ ಜಾರುತ್ತಿರುವ ಗುಡ್ಡವನ್ನು ಗುರುತಿಸಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಒಂದೇ ರಾತ್ರಿಯ ಮಳೆಗೆ ಕೆಸರಾಗಿ ಇಳಿದು ಬರುವ ಗುಡ್ಡವನ್ನು ಮಾತ್ರ ಇದು ಮುಂಚಿತವಾಗಿ ಹೇಳಲಾರದು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳಲ್ಲಿ ಆದದ್ದನ್ನು ನೆನೆದರೆ, ಭಾರಿ ಮಳೆಯ ರಾತ್ರಿ ಉಪಗ್ರಹಕ್ಕೆ ಕಾಯದೆ ಜಾಗ ಖಾಲಿ ಮಾಡುವುದೇ ಸರಿ.

ದೇಶ ಕಾಯುವವರ ಲೆಕ್ಕ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಹೋಗುವಾಗ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನ ದೊಡ್ಡ ಡಿಶ್‌ಗಳನ್ನು ನೋಡಿ, ಗಡಿಯ ಚಿತ್ರ ಎಲ್ಲ ಇಲ್ಲಿಗೇ ಬರುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಅದು ಹಾಗಲ್ಲ. 1982ರಿಂದ ಇರುವ ಈ ಕೇಂದ್ರ ನೋಡಿಕೊಳ್ಳುವುದು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಗೇ ತಿರುಗುವ ಉಪಗ್ರಹಗಳನ್ನು. ಹವಾಮಾನದ ಇನ್ಸ್ಯಾಟ್‌ಗಳು ಅಲ್ಲಿವೆ. ಅವು ಯಾವಾಗಲೂ ನಮ್ಮ ಕಡೆಗೇ ನೋಡುತ್ತಿರುತ್ತವೆ, ಅರ್ಧ ಗಂಟೆಗೊಂದು ಚಿತ್ರ ಕೊಡುತ್ತವೆ. ಆದರೆ ಅವುಗಳ ಚುಕ್ಕೆ ಒಂದು ಕಿಲೋಮೀಟರ್ ಮತ್ತು ಅದಕ್ಕೂ ದೊಡ್ಡದು. ಮೋಡ ನೋಡಲು ಸರಿ, ಲಾರಿ ನೋಡಲು ಆಗುವುದಿಲ್ಲ. ಕೆಳಗೆ ಓಡುವ ಕಾರ್ಟೊಸ್ಯಾಟ್‌ನಂಥವನ್ನು ಬೆಂಗಳೂರಿನಲ್ಲಿರುವ ಇಸ್ರೋದ ಇನ್ನೊಂದು ಕೇಂದ್ರ ಇಸ್ಟ್ರ್ಯಾಕ್ ನೋಡಿಕೊಳ್ಳುತ್ತದೆ.

ಭದ್ರತೆಗೆ ಯಾಕೆ ಗುಂಪೇ ಬೇಕು ಎಂದರೆ, ಎದುರಿನವನಿಗೂ ಗಡಿಯಾರ ಗೊತ್ತು. ಕ್ಯಾಮೆರಾ ಉಪಗ್ರಹಗಳಲ್ಲಿ ಹೆಚ್ಚಿನವು ಬೆಳಗ್ಗೆ ಹತ್ತೂವರೆ ಆಸುಪಾಸಿನಲ್ಲೇ ಬರುತ್ತವೆ. ನಮ್ಮ ಹೊಳೆಗಳಲ್ಲೂ ಇದೇ ಕಥೆ. ರಾತ್ರಿ ಮರಳು ತುಂಬುವ ಲಾರಿ ಹತ್ತೂವರೆಯ ಚಿತ್ರದಲ್ಲಿ ಎಂದೂ ಸಿಗುವುದಿಲ್ಲ, ಗುಂಡಿ ಮಾತ್ರ ಸಿಗುತ್ತದೆ. ಬೇರೆ ಬೇರೆ ಹೊತ್ತಿಗೆ ಬರುವ, ಕತ್ತಲಲ್ಲೂ ನೋಡುವ ಹಲವು ಉಪಗ್ರಹಗಳಿದ್ದರೆ ಅಡಗಿಕೊಳ್ಳುವುದು ಕಷ್ಟ. ಮೊದಲು ಅಗಲವಾಗಿ ನೋಡುವ ಒಂದು ಉಪಗ್ರಹ ಬದಲಾವಣೆ ಕಂಡುಹಿಡಿಯುತ್ತದೆ. ಆಮೇಲೆ ಸ್ಪಷ್ಟವಾಗಿ ನೋಡುವ ಇನ್ನೊಂದನ್ನು ಅಲ್ಲಿಗೆ ತಿರುಗಿಸುತ್ತಾರೆ. ಚಿಕ್ಕದೂ ದೊಡ್ಡದೂ ಒಂದಕ್ಕೊಂದು ಬೇಕು.

ಮುಂಬೈ ದಾಳಿಯ ನಂತರ, 2009ರ ಏಪ್ರಿಲ್‌ನಲ್ಲಿ, ನಮಗೆ ರಿಸ್ಯಾಟ್-2 ಎಂಬ ಒಂದು ರಾಡಾರ್ ಬಂತು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 52 ಕಣ್ಗಾವಲು ಉಪಗ್ರಹಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. 21 ಇಸ್ರೋದ್ದು, 31 ಖಾಸಗಿಯವರದ್ದು. ಇಷ್ಟು ಖರ್ಚು ಯಾಕೆ, ಹೊರಗಿನಿಂದ ಕೊಂಡರೆ ಸಾಲದೆ ಎಂದು ಕೇಳುವವರಿದ್ದಾರೆ. 2025ರ ಮಾರ್ಚ್‌ನಲ್ಲಿ ಏನಾಯಿತು ನೋಡಿ. ಯುದ್ಧದ ನಡುವೆ ಇದ್ದ ಉಕ್ರೇನ್‌ಗೆ, ತಾನು ಕೊಡುತ್ತಿದ್ದ ಖಾಸಗಿ ಉಪಗ್ರಹ ಚಿತ್ರಗಳನ್ನು ಅಮೆರಿಕ ಕೆಲವು ದಿನ ನಿಲ್ಲಿಸಿತು. ಬೇಕಾದ ದಿನವೇ ಚಿತ್ರ ಇಲ್ಲ ಅಂದರೆ ಎಷ್ಟು ಸ್ಪಷ್ಟ ಇದ್ದೇನು? ಬೇರೆಯವರ ಕಣ್ಣನ್ನು ನಂಬಿ ಗಡಿ ಕಾಯಲು ಆಗುವುದಿಲ್ಲ. ಈ ಖರ್ಚು ಸರಿ ಎಂದು ನನ್ನ ಗಟ್ಟಿ ಅಭಿಪ್ರಾಯ.

ಆನೆ ಕಾಣುತ್ತದಾ?

ಆಲೂರು, ಬೇಲೂರು, ಸಕಲೇಶಪುರದಲ್ಲಿ ಎಲ್ಲಿ ಮಾತಾಡಿದರೂ ಈ ಪ್ರಶ್ನೆ ಬರುತ್ತದೆ. ಬಯಲು ಹುಲ್ಲುಗಾವಲಿನಲ್ಲಿ 30 ಸೆಂಟಿಮೀಟರ್ ಚಿತ್ರದಲ್ಲಿ ಆನೆ ಗುರುತಿಸಬಹುದು, ಆಫ್ರಿಕಾದಲ್ಲಿ ಮಾಡಿದ್ದಾರೆ. ಕಾಫಿ ತೋಟದ ನೆರಳಿನಲ್ಲಿ ನಿಂತ ಆನೆ ಯಾವ ಉಪಗ್ರಹಕ್ಕೂ ಕಾಣುವುದಿಲ್ಲ. ಬೆಳಗ್ಗೆ ಕೆಲಸಕ್ಕೆ ಹೊರಡುವ ಆಳುಗಳಿಗೆ ಬೇಕಾದದ್ದು ರೇಡಿಯೋ ಕಾಲರ್‌ನ ಮಾಹಿತಿ ಮತ್ತು ಅರಣ್ಯ ಇಲಾಖೆಯ ಸಂದೇಶ. ಆನೆಗಾಗಿ ಉಪಗ್ರಹ ಚಿತ್ರಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ.

ದುಡ್ಡು ಕೊಡುವ ಮೊದಲು

ಒಬ್ಬೊಬ್ಬರೇ ಕೊಳ್ಳಬೇಡಿ. ಚಿತ್ರ ಮಾರುವವರು ಸಾಮಾನ್ಯವಾಗಿ ಕನಿಷ್ಠ ಇಷ್ಟು ಚದರ ಕಿಲೋಮೀಟರ್ ಎಂದು ಮಿತಿ ಇಡುತ್ತಾರೆ. ಬೆಳೆಗಾರರ ಸಂಘವೋ ಪಂಚಾಯಿತಿಯೋ ಕೊಂಡರೆ ಇಡೀ ಊರಿನ ಗುಡ್ಡ ಅದರಲ್ಲಿ ಬರುತ್ತದೆ. ಮಾರುವವರ ಹತ್ತಿರ ಇವನ್ನು ಬರೆದುಕೊಡಲು ಹೇಳಿ: ಚಿತ್ರ ತೆಗೆದ ದಿನಾಂಕ, ಉಪಗ್ರಹದ ಹೆಸರು, ಹಳೆಯದೋ ಹೊಸದಾಗಿ ತೆಗೆಯುವುದೋ, ಮೋಡ ಎಷ್ಟು ಇದ್ದರೆ ಹಣ ವಾಪಸ್, ತೆಗೆದ ಎಷ್ಟು ಗಂಟೆಗೆ ನಮ್ಮ ಕೈಗೆ ಬರುತ್ತದೆ. ದಿನಾಂಕ ಹೇಳಲು ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ.

ನಾವು ಈಗ ಮಾಡಿಕೊಂಡಿರುವುದು ಹೀಗೆ. ವರ್ಷಪೂರ್ತಿ ಸೆಂಟಿನೆಲ್-2. ಮಳೆಗಾಲಕ್ಕೆ ಸೆಂಟಿನೆಲ್-1 ಮತ್ತು ನೈಸಾರ್, ಇದನ್ನು ಓದಲು ಕಲಿತ ಒಬ್ಬ ಹುಡುಗ ನಮ್ಮ ಊರಲ್ಲಿದ್ದಾನೆ. ಬೇಸಿಗೆಗೆ ಬೆಂಕಿ ಸಂದೇಶ. ಬರೆಯ ಬಿರುಕಿಗೆ ಎರಡು ಕಡೆ ಗೂಟ ಹೊಡೆದು ನಡುವಿನ ಅಂತರವನ್ನು ಟೇಪಿನಲ್ಲಿ ಅಳೆಯುತ್ತೇವೆ. ಲೈನ್ ಮನೆಯವರಿಗೆ ಜುಲೈ, ಆಗಸ್ಟ್‌ನಲ್ಲಿ ಮಲಗಲು ಗೋಡೌನ್ ಪಕ್ಕದ ಶೆಡ್ ಖಾಲಿ ಇಟ್ಟಿದ್ದೇವೆ.

ಒಂದು ಕೆಲಸವನ್ನು ನೀವೂ ಈ ಬೇಸಿಗೆಯಲ್ಲೇ ಮಾಡಿ. ಮುಂಗಾರು ಮೋಡ ಕಟ್ಟುವ ಮೊದಲು, ಮೇ ತಿಂಗಳ ಮೊದಲ ಹದಿನೈದು ದಿನದಲ್ಲಿ, ಆಕಾಶ ತಿಳಿಯಾಗಿದ್ದ ಒಂದು ಸೆಂಟಿನೆಲ್-2 ಚಿತ್ರವನ್ನೂ ಆ ಸಮಯದ ಒಂದು ಸೆಂಟಿನೆಲ್-1 ರಾಡಾರ್ ಚಿತ್ರವನ್ನೂ ಇಳಿಸಿ, ದಿನಾಂಕ ಬರೆದು ಪೆನ್‌ಡ್ರೈವ್‌ನಲ್ಲಿ ಇಡಿ. ಮನೆಯ ಮೇಲಿನ ಗುಡ್ಡ, ಹಳ್ಳ, ರಸ್ತೆ ಅದರಲ್ಲಿ ಇರುವುದನ್ನು ನೋಡಿಕೊಳ್ಳಿ. ಆರಿದ್ರಾ ಮಳೆ ಹಿಡಿದ ಮೇಲೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ.